ಬೆಟದೂರಿನ ಹನುಮಂತಪ್ಪ: ಗುಂಡು ನಿಂತರೂ ಮುಗಿಯದ ಯುದ್ಧ

2016ರ ಫೆಬ್ರುವರಿಯಲ್ಲಿ ಒಂಬತ್ತೇ ದಿನಗಳೊಳಗೆ ಬೆಟದೂರಿಗೆ ಮೂರು ಸುದ್ದಿ ಬಂದವು. ಸಿಯಾಚಿನ್‌ನಲ್ಲಿ ಹಿಮದ ಗೋಡೆ ಕುಸಿದಿದೆ, ಊರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅದರಡಿ ಸಿಕ್ಕಿದ್ದಾರೆ, ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂಬುದು ಮೊದಲನೆಯದು. ಅದರ ಬೆನ್ನಿಗೇ ಪ್ರಧಾನಿಯ ಸಂತಾಪವೂ ಪ್ರಕಟವಾಯಿತು. ಮನೆಯವರು ಅತ್ತು ಹಣ್ಣಾಗಿದ್ದಾಗ, ಆರನೆಯ ದಿನಕ್ಕೆ ಎರಡನೆಯದು ಬಂತು: ಹಿಮ ಕೊರೆದು ತೆಗೆದಾಗ ಹನುಮಂತಪ್ಪನಿಗೆ ಇನ್ನೂ ಉಸಿರಿತ್ತು! ಊರು ಪಟಾಕಿ ಹಚ್ಚಬೇಕೋ ದೇವರಿಗೆ ಕೈಮುಗಿಯಬೇಕೋ ತಿಳಿಯದಂತಾಯಿತು. ಫೆಬ್ರುವರಿ 11ರಂದು ಮೂರನೆಯ ಸುದ್ದಿ ಬಂತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಿದ್ದರು. ವಯಸ್ಸು 33.

ಈ ಒಂಬತ್ತು ದಿನ ಇಡೀ ದೇಶಕ್ಕೆ ಗೊತ್ತು. ಆಸ್ಪತ್ರೆಯ ಬಾಗಿಲಲ್ಲಿ ಟಿ.ವಿ. ಕ್ಯಾಮೆರಾಗಳು ಹಗಲುರಾತ್ರಿ ನಿಂತಿದ್ದವು, ಶಾಲೆಗಳಲ್ಲಿ ಮಕ್ಕಳು ಪ್ರಾರ್ಥಿಸಿದರು, ಉತ್ತರ ಪ್ರದೇಶದ ಮಹಿಳೆಯೊಬ್ಬರು ತಮ್ಮ ಮೂತ್ರಪಿಂಡ ಕೊಡಲು ಮುಂದೆ ಬಂದರು. ಆದರೆ ಸೈನಿಕನೊಬ್ಬನ ಬಾಳನ್ನು ಆತನ ಕೊನೆಯ ಒಂಬತ್ತು ದಿನಗಳಿಂದ ಅಳೆಯುವುದು ನ್ಯಾಯವಲ್ಲ. ಅದಕ್ಕೂ ಹಿಂದಿನ ಹದಿಮೂರು ವರ್ಷಗಳ ಲೆಕ್ಕ ಬೇರೆಯೇ ಇದೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಬೆಟದೂರು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಊರು. ಎರೆಮಣ್ಣಿನ ಸೀಮೆ, ಮಳೆ ನಂಬಿದ ಬೇಸಾಯ. ಹನುಮಂತಪ್ಪ ಅಲ್ಲಿನ ರೈತಾಪಿ ಮನೆಯ ಹುಡುಗ. ದಿನಾ ಆರು ಕಿ.ಮೀ. ನಡೆದು ಶಾಲೆಗೆ ಹೋಗಿ ಬಂದವರು. ಸೇನೆ ಸೇರುವ ಹಟ ಚಿಕ್ಕಂದಿನದೇ. ಭರ್ತಿಗೆ ಹೋದರು, ಆಗಲಿಲ್ಲ. ಮತ್ತೆ ಹೋದರು, ಆಗಲಿಲ್ಲ. ಮೂರು ಸಲ ವಾಪಸು ಬಂದ ಮೇಲೂ ಬಿಡಲಿಲ್ಲ. ಕೊನೆಗೆ 2002ರ ಅಕ್ಟೋಬರ್ 25ರಂದು ಮದ್ರಾಸ್ ರೆಜಿಮೆಂಟಿನ 19ನೇ ಬಟಾಲಿಯನ್ ಸೇರಿದರು. ಹೆಸರು ಮದ್ರಾಸ್ ಎಂದಿದ್ದರೂ ಅದು ದಕ್ಷಿಣದ ಎಲ್ಲ ರಾಜ್ಯಗಳ ಹುಡುಗರ ಪಡೆ. ಅದರ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ.

ಮುಂದಿನದನ್ನು ಅವರ ಸೇವಾ ದಾಖಲೆ ಹೇಳುತ್ತದೆ. 2003ರಿಂದ 2006ರವರೆಗೆ ಜಮ್ಮು–ಕಾಶ್ಮೀರದ ಮಾಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆ. 2008ರಿಂದ 2010ರವರೆಗೆ ಮತ್ತೆ ಅದೇ ರಾಜ್ಯ, ಈ ಬಾರಿ 54 ರಾಷ್ಟ್ರೀಯ ರೈಫಲ್ಸ್ ಜೊತೆ, ತಾವಾಗಿಯೇ ಕೇಳಿಕೊಂಡು ಹೋದದ್ದು. 2010ರಿಂದ 2012ರವರೆಗೆ ಈಶಾನ್ಯದಲ್ಲಿ ಬೋಡೊ ಮತ್ತು ಉಲ್ಫಾ ಬಂಡುಕೋರರ ಎದುರು, ಅದೂ ಕೇಳಿ ಪಡೆದದ್ದೇ. 2015ರ ಆಗಸ್ಟ್‌ನಿಂದ ಸಿಯಾಚಿನ್, ಡಿಸೆಂಬರ್‌ನಿಂದ ಇನ್ನೂ ಎತ್ತರದ ಸೋನಮ್ ಠಾಣೆ. ಹದಿಮೂರು ವರ್ಷಗಳಲ್ಲಿ ಹತ್ತು ವರ್ಷ ಇಂಥ ಕಠಿಣ ಜಾಗಗಳಲ್ಲೇ ಕಳೆದವು. ಊರಿನವರ ಪಾಲಿಗೆ ಅವರು ಸೂಟಿಯ ಮೇಲೆ ಬಂದಾಗಷ್ಟೇ ಕಾಣುವ ಮನುಷ್ಯ. ಮದುವೆಯಾಗಿತ್ತು, ಪುಟ್ಟ ಮಗಳಿದ್ದಳು.

ಈ ಜೀವನಚರಿತ್ರೆ ಓದುವಾಗ ನನ್ನ ಕಣ್ಣಮುಂದೆ ಬರುವುದು ಸೊಲ್ಲಾಪುರ–ಅಕ್ಕಲಕೋಟೆ ರಸ್ತೆಯ ಮೇಲಿನ ಕುಂಭಾರಿ. ರಾಜ್ಯ ಬೇರೆ, ಮಣ್ಣು ಅದೇ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಬಿಳಿಜೋಳ, ತೊಗರಿ, ಮಳೆ ಕೈಕೊಟ್ಟರೆ ಅದೂ ಇಲ್ಲ. ಕುಂಭಾರಿಯ ಹೆಸರು ಹೊರಗಿನವರಿಗೆ ಗೊತ್ತಾದದ್ದು ಬೀಡಿ ಕಟ್ಟುವ ಹೆಣ್ಣುಮಕ್ಕಳ ಮನೆಗಳಿಂದ. ಗೋದೂತಾಯಿ ಪರುಳೇಕರ ಹೆಸರಿನ ಹತ್ತು ಸಾವಿರ ಮನೆಗಳ ವಸತಿ ಇರುವುದು ಇಲ್ಲೇ. 2024ರ ಜನವರಿಯಲ್ಲಿ ಪ್ರಧಾನಿ ಬಂದು ರಾಯನಗರದ 15,000 ಮನೆಗಳನ್ನು ಅಸಂಘಟಿತ ಕಾರ್ಮಿಕರಿಗೆ ಒಪ್ಪಿಸಿದ್ದೂ ಇಲ್ಲೇ. ಬೀಡಿ, ಮಗ್ಗ, ಗಾರೆಕೆಲಸ ಬಿಟ್ಟರೆ ಇಂಥ ಊರಿನ ಹುಡುಗನಿಗೆ ತಿಂಗಳ ಪಗಾರ, ಪಿಂಚಣಿ, ಊರಿನ ಗೌರವ ಮೂರನ್ನೂ ಒಟ್ಟಿಗೆ ಕೊಡುವ ಕೆಲಸ ಬಹಳ ಕಾಲ ಒಂದೇ ಇತ್ತು, ಮಿಲ್ಟ್ರಿ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಈಚೆ ಇಂಡಿ, ಆಳಂದ ತಾಲೂಕುಗಳ ಹಳ್ಳಿ ರಸ್ತೆಗಳಲ್ಲಿ ನಸುಕಿನಲ್ಲೇ ಓಡುವ ಹುಡುಗರನ್ನು ಯಾರು ನೋಡಿಲ್ಲ? ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ತಿ ಅಂಕ. ಆ ಕೆಲವು ಸೆಕೆಂಡುಗಳಿಗಾಗಿ ವರ್ಷಗಟ್ಟಲೆ ಓಡುತ್ತಾರೆ. ದೇಶಪ್ರೇಮವೋ ಹೊಟ್ಟೆಪಾಡೋ ಎಂದು ಪೇಟೆಯಲ್ಲಿ ಕೂತು ಚರ್ಚಿಸುವವರಿದ್ದಾರೆ. ಹಳ್ಳಿಯ ಮನೆಯಲ್ಲಿ ಅವೆರಡೂ ಬೇರೆ ಬೇರೆ ಅಲ್ಲ, ಒಂದಿದ್ದರೆ ಇನ್ನೊಂದು ಸಣ್ಣದಾಗುವುದೂ ಇಲ್ಲ.

ಮೇ ತಿಂಗಳಲ್ಲಿ ಪಾದರಸ 43 ಡಿಗ್ರಿ ದಾಟುವ ಈ ಸೀಮೆಯ ಹುಡುಗ ಮೈನಸ್ 45 ಡಿಗ್ರಿಯ ಜಾಗದಲ್ಲಿ ಯಾಕೆ ನಿಲ್ಲಬೇಕಾಯಿತು? ಇದಕ್ಕೆ ಉತ್ತರ ಒಂದು ಅರೆಬರೆ ನಕ್ಷೆಯಲ್ಲಿದೆ. 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆ ಎಳೆಯುತ್ತ ಹೋದ ಅಧಿಕಾರಿಗಳು ಎನ್‌ಜೆ 9842 ಎಂಬ ಬಿಂದುವಿಗೆ ಬಂದು ನಿಂತರು. ಅಲ್ಲಿಂದಾಚೆ ಉತ್ತರಕ್ಕೆ ಹಿಮನದಿಗಳ ಕಡೆಗೆ ಎಂದಷ್ಟೇ ಬರೆದು ಬಿಟ್ಟರು. ಅಷ್ಟು ಎತ್ತರದಲ್ಲಿ ಯಾರು ಬಂದು ಜಗಳವಾಡುತ್ತಾರೆ ಎಂಬ ಭಾವನೆ. 1971ರ ಯುದ್ಧದ ನಂತರ ನಿಯಂತ್ರಣ ರೇಖೆ ಗುರುತಿಸಿದಾಗಲೂ ಆ ಬಿಂದುವಿನಿಂದಾಚೆ ರೇಖೆ ಎಳೆಯಲಿಲ್ಲ. ಆಮೇಲೆ ಪಾಕಿಸ್ತಾನ ಆ ದಿಕ್ಕಿಗೆ ಪರ್ವತಾರೋಹಿ ತಂಡಗಳಿಗೆ ಪರವಾನಗಿ ಕೊಡತೊಡಗಿತು. ಅದು ಸೈನ್ಯ ಕಳಿಸುವ ಮುನ್ನವೇ, 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ’ದ ಹೆಸರಿನಲ್ಲಿ ಭಾರತದ ಸೈನಿಕರು ಸಾಲ್ತೊರೊ ಏಣಿನ ಮೇಲೆ ಇಳಿದರು. ಇವತ್ತಿಗೂ ಅಲ್ಲೇ ಇದ್ದಾರೆ.

2003ರ ನವೆಂಬರ್‌ನಲ್ಲಿ ಕದನವಿರಾಮ ಜಾರಿಯಾಯಿತು. ಸಿಯಾಚಿನ್‌ನಲ್ಲಿ ಗುಂಡಿನ ಸದ್ದು ನಿಂತಿತು. ಸಾವು ಮಾತ್ರ ನಿಲ್ಲಲಿಲ್ಲ. 1984ರಿಂದ 2015ರ ಹೊತ್ತಿಗೆ ಅಲ್ಲಿ ತೀರಿಕೊಂಡ ಭಾರತೀಯ ಸೈನಿಕರು 869. ಅವರಲ್ಲಿ ಅಧಿಕಾರಿಗಳು 33, ಸುಬೇದಾರ ದರ್ಜೆಯ ಕಿರಿಯ ಅಧಿಕಾರಿಗಳು 54, ಉಳಿದ 782 ಮಂದಿ ಸಿಪಾಯಿ, ನಾಯಕ, ಹವಾಲ್ದಾರರು. ಶತ್ರುವಿನ ಗುಂಡಿಗಿಂತ ಚಳಿ, ಹಿಮಕುಸಿತ ಮತ್ತು ತೆಳುಗಾಳಿ ತೆಗೆದುಕೊಂಡ ಜೀವಗಳೇ ಹೆಚ್ಚು. ಆಚೆಯವರ ಪಾಡೂ ಅದೇ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಒಂದೇ ಹಿಮಕುಸಿತಕ್ಕೆ ಪಾಕಿಸ್ತಾನದ 140 ಮಂದಿ ಹೋದರು.

ಸೋನಮ್ ಠಾಣೆ ಇರುವುದು 19,600 ಅಡಿಯಲ್ಲಿ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ, ಅಂದರೆ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅರ್ಧದಷ್ಟೂ ಇಲ್ಲ. ನೇರವಾಗಿ ಒಯ್ದು ಬಿಟ್ಟರೆ ಎಂಥ ಗಟ್ಟಿಗನೂ ಉಳಿಯಲಾರ. ಆದ್ದರಿಂದ ಮೂರು ಹಂತಗಳಲ್ಲಿ, ಒಂದೊಂದು ಎತ್ತರದಲ್ಲಿ ಕೆಲವು ದಿನ ನಿಲ್ಲಿಸಿ ದೇಹವನ್ನು ಪಳಗಿಸುತ್ತಾರೆ. ಬೇಸ್ ಕ್ಯಾಂಪಿನಲ್ಲಿ ಹಿಮದ ಮೇಲೆ ನಡೆಯುವುದು, ಹಗ್ಗ ಹಿಡಿದು ಹತ್ತುವುದು, ಬಿರುಕಿಗೆ ಬಿದ್ದವನನ್ನು ಎತ್ತುವುದು ಎಲ್ಲ ಕಲಿಸುತ್ತಾರೆ. ಅಲ್ಲಿಂದ ಮುಂದಿನ ನಡಿಗೆ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡ ಸಾಲಿನಲ್ಲಿ. ಒಬ್ಬ ಬಿರುಕಿಗೆ ಜಾರಿದರೆ ಉಳಿದವರು ಕಾಲೂರಿ ಹಿಡಿಯಬೇಕು.

ಮೇಲಿನ ಬದುಕನ್ನು ಹತ್ತಿರದಿಂದ ನೋಡಬೇಕೆಂದರೆ ಸೀಮೆಎಣ್ಣೆಯಿಂದ ಆರಂಭಿಸಬೇಕು. ಕುಡಿಯುವ ನೀರಿಗೆ ಹಿಮ ಕರಗಿಸಬೇಕು, ಅದಕ್ಕೆ ಸೀಮೆಎಣ್ಣೆ ಸ್ಟವ್ ಉರಿಯಬೇಕು. ಮೈ ಕಾಯಿಸಲೂ ಅದೇ. ಮುಚ್ಚಿದ ಡೇರೆಯೊಳಗೆ ಅದರ ಹೊಗೆ ಗೋಡೆಗೆ, ಬಟ್ಟೆಗೆ, ಮೂಗಿನೊಳಗೆ ಮಸಿಯಾಗಿ ಕೂರುತ್ತದೆ. ಕೆಳಗಿಳಿದ ಮೇಲೂ ಸೈನಿಕರು ಕೆಲ ದಿನ ಕರಿ ಕಫ ಉಗುಳುತ್ತಾರೆ. ಮೊಟ್ಟೆ, ಕಿತ್ತಳೆ ಕಲ್ಲಾಗುತ್ತವೆ. ಕೈಗವಸಿಲ್ಲದೆ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಬೆವರುವಂತಿಲ್ಲ, ಬೆವರು ಒಳಗೇ ಹೆಪ್ಪುಗಟ್ಟುತ್ತದೆ. ಹಸಿವು ಸತ್ತಿರುತ್ತದೆ, ಆದರೂ ಬಲವಂತವಾಗಿ ತಿನ್ನಬೇಕು. ನಿದ್ದೆ ಹತ್ತುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವ ರೋಗ ಬಂದರೆ ಹೆಲಿಕಾಪ್ಟರ್ ಬರುವ ಹವೆ ಇರಲೇಬೇಕು, ಇಲ್ಲದಿದ್ದರೆ ಗಂಟೆಗಳ ಲೆಕ್ಕ. ಇದರ ನಡುವೆ ರಾತ್ರಿಪಾಳಿಯ ಕಾವಲು, ಬೆಳಿಗ್ಗೆ ಡೇರೆಯ ಮೇಲಿನ ಹಿಮ ಗೋರುವ ಕೆಲಸ. ಗೋರದಿದ್ದರೆ ಠಾಣೆಯೇ ಹೂತುಹೋಗುತ್ತದೆ. ಇಂಥ ದಿನಗಳು ಹನುಮಂತಪ್ಪನ ಪಾಲಿಗೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನಡೆದವು.

ಫೆಬ್ರುವರಿ 3ರ ಮುಂಜಾನೆ ಠಾಣೆಯ ಮೇಲೆ ಹಿಮಗೋಡೆ ಕುಸಿಯಿತು. ಒಳಗಿದ್ದವರು ಹತ್ತು ಮಂದಿ. ಅವರ ಊರುಗಳನ್ನು ಒಂದೊಂದಾಗಿ ಹೇಳಬೇಕು, ಏಕೆಂದರೆ ಹತ್ತರಲ್ಲಿ ಒಂಬತ್ತು ಹೆಸರು ಎರಡೇ ವಾರದಲ್ಲಿ ಜನರ ಬಾಯಿಂದ ಜಾರಿಹೋದವು. ಸುಬೇದಾರ್ ಟಿ.ಟಿ. ನಾಗೇಶ ಹಾಸನ ಜಿಲ್ಲೆಯ ತೇಜೂರಿನವರು, ತಂಡದ ಮುಖ್ಯಸ್ಥರು. ಸಿಪಾಯಿ ಪಿ.ಎನ್. ಮಹೇಶ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯವರು. ಹವಾಲ್ದಾರ ಎಂ. ಏಳುಮಲೈ ವೆಲ್ಲೂರು ಜಿಲ್ಲೆಯವರು, ಲ್ಯಾನ್ಸ್ ಹವಾಲ್ದಾರ ಎಸ್. ಕುಮಾರ್ ತೇನಿ ಜಿಲ್ಲೆಯವರು, ಸಿಪಾಯಿ ಜಿ. ಗಣೇಶನ್ ಮದುರೈ ಜಿಲ್ಲೆಯವರು, ಸಿಪಾಯಿ ಎನ್. ರಾಮಮೂರ್ತಿ ಕೃಷ್ಣಗಿರಿ ಜಿಲ್ಲೆಯವರು. ಸಿಪಾಯಿ ಎಸ್. ಮುಷ್ತಾಕ್ ಅಹ್ಮದ್ ಆಗಿನ ಕರ್ನೂಲು ಜಿಲ್ಲೆಯ ಪಾರ್ನಪಲ್ಲಿಯವರು. ಲ್ಯಾನ್ಸ್ ನಾಯಕ ಬಿ. ಸುಧೀಶ್ ಅವರ ಊರು ಕೊಲ್ಲಂ ಬಳಿಯ ಮನ್ರೋತುರುತ್, ಹಿನ್ನೀರಿನ ನಡುವಿನ ದ್ವೀಪ, ಉಬ್ಬರ ಬಂದರೆ ಮನೆಯಂಗಳಕ್ಕೆ ನೀರು ನುಗ್ಗುವಷ್ಟು ತಗ್ಗು. ಅಲ್ಲಿಂದ 19,600 ಅಡಿಗೆ! ಹತ್ತನೆಯವರು ಸುನೀಲ ಸೂರ್ಯವಂಶಿ, ಸಾತಾರಾ ಜಿಲ್ಲೆಯ ಮಸ್ಕರವಾಡಿಯವರು. ಗಾಯಾಳುಗಳನ್ನು ನೋಡಿಕೊಳ್ಳುವ ನರ್ಸಿಂಗ್ ಸಹಾಯಕರಾಗಿದ್ದವರು. ಅವರ ಜಿಲ್ಲೆ ಸೊಲ್ಲಾಪುರ ಜಿಲ್ಲೆಗೆ ಅಂಟಿಕೊಂಡಿದೆ, ಕುಂಭಾರಿಯವರಿಗೆ ಅದು ನೆರೆಯ ಸಾವೇ.

ಪಟ್ಟಿಯಲ್ಲಿ ಮಹಾನಗರದ ಹೆಸರು ಒಂದೂ ಇಲ್ಲ. ಹಳ್ಳಿ, ಹೋಬಳಿ, ತಾಲೂಕು ಕೇಂದ್ರ, ಅಷ್ಟೇ. ಗಡಿಯನ್ನು ಕಾಯುವವರು ಯಾರು ಎಂದು ಇದಕ್ಕಿಂತ ಸ್ಪಷ್ಟವಾಗಿ ಬೇರಾವ ದಾಖಲೆಯೂ ಹೇಳಲಾರದು.

ಪಾಕಿಸ್ತಾನದ ಸೇನೆ ಶೋಧಕ್ಕೆ ನೆರವು ಕೊಡುವುದಾಗಿ ಹೇಳಿತು, ಭಾರತ ಬೇಡವೆಂದಿತು. ನೂರೈವತ್ತಕ್ಕೂ ಹೆಚ್ಚು ಸೈನಿಕರು ಹಿಮ ಕೊರೆಯತೊಡಗಿದರು. ಕಾಂಕ್ರೀಟಿನಷ್ಟು ಗಟ್ಟಿಯಾದ ಮಂಜು, ಅದನ್ನು ಕತ್ತರಿಸಲು ವಿದ್ಯುತ್ ಗರಗಸ, ಬಂಡೆ ಕೊರೆಯುವ ಯಂತ್ರ, ಒಳಗಿನ ಸುಳಿವು ಹಿಡಿಯಲು ರೇಡಾರ್, ಜೊತೆಗೆ ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿ. ಅರ್ಧ ಉಸಿರಿನ ಆ ಎತ್ತರದಲ್ಲಿ ಹತ್ತು ನಿಮಿಷ ಸಲಿಕೆ ಹಿಡಿದರೂ ಮನುಷ್ಯ ಸೋತುಹೋಗುತ್ತಾನೆ, ಸರದಿ ಹಾಕಿಕೊಂಡು ಅಗೆದರು. 8ರಂದು, 25 ಅಡಿಗೂ ಆಳದಲ್ಲಿ ಹರಿದ ಡೇರೆಯೊಳಗೆ ಹನುಮಂತಪ್ಪ ಸಿಕ್ಕರು. ನಿತ್ರಾಣರಾಗಿದ್ದರು, ನಾಡಿ ಇತ್ತು. ಡೇರೆ ಪೂರ್ತಿ ಜಜ್ಜಿಹೋಗದೆ ಒಳಗೆ ಒಂದಿಷ್ಟು ಗಾಳಿ ಉಳಿದಿತ್ತು. ಅತಿಯಾದ ಚಳಿ ದೇಹದ ಕೆಲಸವನ್ನೆಲ್ಲ ನಿಧಾನಗೊಳಿಸಿ ಆ ಸ್ವಲ್ಪ ಗಾಳಿಯೇ ಸಾಲುವಂತೆ ಮಾಡಿತ್ತು.

ಕಾಪಾಡಿದ ಚಳಿಯೇ ಕೊಂದದ್ದು ಹೇಗೆ? ಹೆಪ್ಪುಗಟ್ಟಿದ ದೇಹಕ್ಕೆ ಬಿಸಿ ಕೊಟ್ಟಾಗ ತಣ್ಣಗಿದ್ದ ಅಂಗಗಳಿಗೆ ರಕ್ತ ಮತ್ತೆ ಹರಿಯುತ್ತದೆ. ಇಷ್ಟು ದಿನ ಅಲ್ಲಿ ಕೂಡಿದ್ದ ವಿಷಪದಾರ್ಥಗಳು ಆ ರಕ್ತದೊಂದಿಗೆ ಇಡೀ ಮೈಗೆ ಹರಡುತ್ತವೆ. ಮುಂದಿನ 24ರಿಂದ 48 ಗಂಟೆ ಬಹಳ ಕಷ್ಟದ್ದು ಎಂದು ವೈದ್ಯರು ಮೊದಲ ಪ್ರಕಟಣೆಯಲ್ಲೇ ಎಚ್ಚರಿಸಿದ್ದರು. ರಕ್ತದೊತ್ತಡ ಕುಸಿದಿತ್ತು, ನ್ಯುಮೋನಿಯಾ ಇತ್ತು, ಯಕೃತ್ತು ಮತ್ತು ಮೂತ್ರಪಿಂಡ ಕೆಲಸ ನಿಲ್ಲಿಸಿದ್ದವು. ಏಮ್ಸ್‌ನ ತಜ್ಞರೂ ಸೇರಿದರು. 11ರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಮರುದಿನ ಹುಬ್ಬಳ್ಳಿಯಲ್ಲಿ ಜನಸಾಗರ ಕೊನೆಯ ದರ್ಶನ ಪಡೆಯಿತು, ಅಂದೇ ಬೆಟದೂರಿನಲ್ಲಿ ಸಕಲ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು. ಮರಣೋತ್ತರವಾಗಿ ಸೇನಾ ಪದಕ ಬಂತು. ಉಳಿದ ಒಂಬತ್ತು ದೇಹಗಳು ಅವರವರ ಊರು ಮುಟ್ಟಲು ಇನ್ನೂ ಕೆಲವು ದಿನ ಬೇಕಾದವು.

ನಮ್ಮ ನಾಡಿನಲ್ಲಿ ಸತ್ತ ಯೋಧನನ್ನು ನೆನೆಯುವ ರೂಢಿ ಹಳೆಯದು. ಹಳ್ಳಿ ಹಳ್ಳಿಯ ಗುಡಿಯ ಪಕ್ಕ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನು, ಊರ ಕಾಳಗದಲ್ಲಿ ಬಿದ್ದವನು, ಎಲ್ಲರಿಗೂ ಅಲ್ಲಿ ಜಾಗವಿದೆ. ಕತ್ತಿ ಎತ್ತಿ ನಿಂತ ಭಂಗಿಯಲ್ಲೇ ಶಿಲ್ಪಿ ಅವರನ್ನು ಕಡೆದಿದ್ದಾನೆ. ಸಿಯಾಚಿನ್‌ನಲ್ಲಿ ಸತ್ತವನನ್ನು ಯಾವ ಭಂಗಿಯಲ್ಲಿ ಕಡೆಯಬೇಕು? ಸ್ಟವ್ ಹಚ್ಚುತ್ತಿದ್ದವನು, ಹಿಮ ಗೋರುತ್ತಿದ್ದವನು, ಮಲಗಿದ್ದವನು. ಎದುರಾಳಿ ಇಲ್ಲದ ಕಾಳಗ ಇದು. ಶೌರ್ಯವೆಂದರೆ ನಮಗೆ ಇನ್ನೂ ಮೇಲೆ ಬೀಳುವುದು, ಹೊಡೆಯುವುದು. ತಿಂಗಳುಗಟ್ಟಲೆ ಜಾಗ ಬಿಡದೆ ನಿಲ್ಲುವುದೂ ಶೌರ್ಯವೇ ಎನ್ನುವುದನ್ನು ನಾವು ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೇ ಹನುಮಂತಪ್ಪನ ಕಥೆಯಲ್ಲಿ ನಾವು ಪವಾಡವನ್ನಷ್ಟೇ ಹಿಡಿದುಕೊಂಡೆವು. ಆ ಪವಾಡ ನಡೆಯದೇ ಹೋಗಿದ್ದರೆ ಅವರೂ ಉಳಿದ ಒಂಬತ್ತು ಜನರಂತೆ ಪತ್ರಿಕೆಯ ಒಳಪುಟದಲ್ಲಿ ಒಂದು ಸಾಲಾಗಿ ಮುಗಿಯುತ್ತಿದ್ದರು.

ಎಷ್ಟೋ ಮನೆಗಳಿಗೆ ದೇಹವೂ ಬರಲಿಲ್ಲ. 1993ರಲ್ಲಿ ಬಿರುಕಿಗೆ ಬಿದ್ದ ಮಹಾರಾಷ್ಟ್ರದ ಹವಾಲ್ದಾರ ಟಿ.ವಿ. ಪಾಟೀಲರ ದೇಹ 2014ರಲ್ಲಿ ಸಿಕ್ಕಿತು. ಮೇಘದೂತದ ಮೊದಲ ವರ್ಷವೇ, 1984ರ ಮೇ ತಿಂಗಳಲ್ಲಿ ಹಿಮದಡಿ ಮರೆಯಾದ 19 ಕುಮಾಂವ್ ಪಡೆಯ ಲ್ಯಾನ್ಸ್ ನಾಯಕ ಚಂದ್ರಶೇಖರ ಹರ್ಬೋಲಾ ಮನೆಗೆ ಮರಳಿದ್ದು 2022ರ ಆಗಸ್ಟ್‌ನಲ್ಲಿ, 38 ವರ್ಷಗಳ ನಂತರ.

ಹಾಗಾದರೆ ಇಳಿದು ಬಂದುಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ನಾನೂ ಅದನ್ನು ಮನಸ್ಸಿನಲ್ಲಿ ಬಹಳ ಸಲ ತಿರುವಿ ಹಾಕಿದ್ದೇನೆ. ಎರಡೂ ದೇಶಗಳು ಹಲವು ಸುತ್ತು ಮಾತಾಡಿವೆ. ಈಗ ಯಾರು ಎಲ್ಲಿದ್ದಾರೆ ಎಂಬುದನ್ನು ನಕ್ಷೆಯ ಮೇಲೆ ಒಪ್ಪಿ ಸಹಿ ಹಾಕಿದ ಮೇಲೆಯೇ ಹಿಂದೆ ಸರಿಯುವ ಮಾತು ಎನ್ನುವುದು ಭಾರತದ ನಿಲುವು. ಪಾಕಿಸ್ತಾನ ಅದಕ್ಕೆ ಒಪ್ಪುವುದಿಲ್ಲ. 1999ರಲ್ಲಿ ಚಳಿಗಾಲಕ್ಕೆಂದು ಬಿಟ್ಟು ಬಂದ ಕಾರ್ಗಿಲ್ ಶಿಖರಗಳಲ್ಲಿ ಏನಾಯಿತೆಂದು ಕಂಡವರಿಗೆ ಬರಿ ನಂಬಿಕೆಯ ಮೇಲೆ ಇಳಿದು ಬನ್ನಿ ಎಂದು ಹೇಳಲು ಬಾಯಿ ಬರುವುದಿಲ್ಲ. ಸೈನಿಕರ ಹಠವನ್ನು ನಾನು ಪ್ರಶ್ನಿಸಲಾರೆ. ಆದರೆ ಅವರನ್ನು ಅಲ್ಲಿ ನಿಲ್ಲಿಸಿದ ನಾವು ಅವರಿಗೆ ಏನು ಕೊಟ್ಟೆವು ಎಂದು ಕೇಳಲೇಬೇಕು.

2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ 2015–16ರಿಂದ 2017–18ರವರೆಗಿನ ಲೆಕ್ಕ ನೋಡಿತ್ತು. ಹನುಮಂತಪ್ಪ ಸೋನಮ್ ಏರಿದ ಕಾಲ ಅದರೊಳಗೇ ಬರುತ್ತದೆ. ಸಿಯಾಚಿನ್, ಲಡಾಖ್‌ನಂಥ ಎತ್ತರಗಳ ಸೈನಿಕರಿಗೆ ಹಿಮಗನ್ನಡಕದ ಕೊರತೆ ಶೇ 62ರಿಂದ ಶೇ 98ರಷ್ಟಿತ್ತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಬಹೂಪಯೋಗಿ ಬೂಟು ಬರಲೇ ಇಲ್ಲ, ಹಳೆಯವನ್ನೇ ಮತ್ತೆ ಮತ್ತೆ ಬಳಸಬೇಕಾಯಿತು. ವಿಶೇಷ ಆಹಾರಕ್ಕೆ ಬದಲಿ ಪದಾರ್ಥ ಕೊಟ್ಟಾಗ ಸಿಗಬೇಕಾದ ಕ್ಯಾಲೊರಿಯಲ್ಲಿ ಶೇ 82ರವರೆಗೂ ಖೋತಾ ಆಗಿತ್ತು. ಈಗ ಪರಿಸ್ಥಿತಿ ಸುಧಾರಿಸಿದೆ ಎಂದು ಸೇನೆ ಹೇಳಿತು. ಸುಧಾರಿಸಿರಲಿ ಎಂದೇ ನನ್ನ ಹಾರೈಕೆ. ಹಿಮಗೋಡೆ ಕುಸಿಯುವುದನ್ನು ಹೊಸ ಬೂಟು ತಡೆಯುತ್ತಿರಲಿಲ್ಲ, ನಿಜ. ಆದರೆ ಅಲ್ಲಿ ಕಾಲಿಟ್ಟವನಿಗೆ ಬೂಟು, ಕನ್ನಡಕ, ಹೊಟ್ಟೆತುಂಬ ಊಟ ಎಂಬುವು ಸವಲತ್ತಲ್ಲ, ಆಯುಧಗಳೇ. ಹುತಾತ್ಮನ ಫೋಟೊಕ್ಕೆ ಹಾರ ಹಾಕಿದ ಊರಿನವರಲ್ಲಿ ಎಷ್ಟು ಜನ ಈ ವರದಿಯ ಬಗ್ಗೆ ಕೇಳಿದ್ದಾರೆ?

ಇನ್ನೊಂದು ಬದಲಾವಣೆ ನೇರವಾಗಿ ಕುಂಭಾರಿಯಂಥ ಊರುಗಳ ಮನೆಬಾಗಿಲಿಗೆ ಬಂದದ್ದು. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸಿಪಾಯಿಯ ಸೇವೆ ನಾಲ್ಕು ವರ್ಷ, ಆಮೇಲೆ ಉಳಿಯುವವರು ನಾಲ್ವರಲ್ಲಿ ಒಬ್ಬ. 2023ರ ಅಕ್ಟೋಬರ್‌ನಲ್ಲಿ ಸಿಯಾಚಿನ್‌ನಲ್ಲಿ ಕರ್ತವ್ಯದ ಮೇಲಿದ್ದ ಅಗ್ನಿವೀರ ಅಕ್ಷಯ ಗವಾಟೆ ತೀರಿಕೊಂಡರು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಪಿಂಪಳಗಾಂವ ಸರಾಯಿಯ ರೈತನ ಮಗ. ಅವರ ಕುಟುಂಬಕ್ಕೆ ಸಲ್ಲುವುದೇನೆಂದು ಸೇನೆ ಬಹಿರಂಗವಾಗಿ ಪಟ್ಟಿಕೊಟ್ಟಿತು: 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಪಗಾರ, ಸೇವಾನಿಧಿಯ ಮೊತ್ತ, ಯುದ್ಧ ಸಂತ್ರಸ್ತರ ನಿಧಿಯಿಂದ 8 ಲಕ್ಷ. ಕುಟುಂಬ ಪಿಂಚಣಿ ಅದರಲ್ಲಿಲ್ಲ. ಹನುಮಂತಪ್ಪನ ಕಾಲದ ಸಿಪಾಯಿಯ ಹೆಂಡತಿಗೆ ತಿಂಗಳು ತಿಂಗಳು ಬರುವ ಆ ಪಿಂಚಣಿ ಅಗ್ನಿವೀರನ ಮನೆಗಿಲ್ಲ. ಹಿಮನದಿಗೆ ಮಾತ್ರ ಹಳೆಯ ಸಿಪಾಯಿ, ಹೊಸ ಅಗ್ನಿವೀರ ಎಂಬ ಭೇದವಿಲ್ಲ, ಠಾಣೆಯ ಪಾಳಿಯಲ್ಲೂ ಇಲ್ಲ. ಕಾವಲು ಒಂದೇ ಆದಮೇಲೆ ಪಿಂಚಣಿಯೂ ಒಂದೇ ಇರಬೇಕು. ಭರ್ತಿಗೆ ಹೊರಟ ಮಗನ ಅರ್ಜಿಗೆ ಸಹಿ ಹಾಕುವ ಅಪ್ಪ–ಅವ್ವ ಇದನ್ನು ತಮ್ಮ ಶಾಸಕರ ಮುಂದೆ, ಸಂಸದರ ಮುಂದೆ, ಕನ್ನಡದಲ್ಲೋ ಮರಾಠಿಯಲ್ಲೋ, ಗಟ್ಟಿದನಿಯಲ್ಲೇ ಕೇಳಬೇಕು.